ನ್ಯೂಟಣ್ಣನ ದಂಡ

ಎಷ್ಟು ಚೆಂದ ಕುಣಿಯುತ್ತದೆ ಭಂಡಾರ, ಡೊಳ್ಳಿನ ಚರ್ಮದ ಮೇಲೆ ಚೆಲ್ಲಿದ ಅರಿಶಿನದ ಪುಡಿ, ಪೆಟ್ಟು ನಿಂತ ಮೇಲೂ ಇನ್ನೊಂದು ಸಲ ಎದ್ದು ಕೂತಿತು, ಈಗ ಅದೂ ಸುಮ್ಮನಾಯಿತು — ಮೇಲೆ ಫ್ಯಾನು ಮಾತ್ರ ಕಿರ್ರೆನ್ನುತ್ತಿದೆ, ಮತ್ತು ಅಕ್ಕನಾಗಮ್ಮನ ಕೋಲು ಗಾಳಿಯಲ್ಲಿ ನಿಂತಿದೆ. ಕಂದಲಗಾಂವ ಮೇಳದ ಹಿರಿಯಳು ಅವಳು, ಪ್ರಶ್ನೆ ಹಾಡಿ ಮುಗಿಸಿ ಕೋಲು ಎತ್ತಿ ನಿಂತಿದ್ದಾಳೆ, ತಡವಳದವರಾದ ನಾವು ಉತ್ತರ ಹಾಡಬೇಕು, ಹಾಡುವವರೆಗೂ ಆ ಕೋಲು ಇಳಿಯುವುದಿಲ್ಲ, ನಮ್ಮ ಎರಡು ಮೇಳಗಳ ನಡುವಿನ ಕರಾರು ಅದು, ಉತ್ತರ ಒಪ್ಪಿಗೆಯಾದರೆ ಅವಳೇ ದಾಟಿ ಬಂದು ನಮ್ಮ ಡೊಳ್ಳು ಬಾರಿಸುತ್ತಾಳೆ, ಆಗದಿದ್ದರೆ ತನ್ನದನ್ನೇ ಬಾರಿಸಿ ಗೆದ್ದೆ ಎನ್ನುತ್ತಾಳೆ. ಸೋನಾಲಿ ವೈನಿ ನನ್ನ ಕಡೆ ತಿರುಗಿದ್ದಾಳೆ. ಅಣ್ಣನ ಹೆಂಡತಿ, ನಮ್ಮ ಮೇಳದ ದೊಡ್ಡ ಕಂಠ, ಹಾಡು ಕಟ್ಟುವವಳೂ ಅವಳೇ ಎಂದು ಎಲ್ಲರೂ ತಿಳಿದಿದ್ದಾರೆ, ಹಾಗೇ ತಿಳಿದಿರಲಿ ಎಂದು ನಾನೇ ಹೇಳಿದ್ದೆ, ನಾನು ಹಿಂದೆ ತಾಳ ಹಿಡಿದು ನಿಲ್ಲುವವಳು, ನನ್ನನ್ನು ಯಾಕೆ ನೋಡುತ್ತೀ ವೈನಿ, ನೋಡಬೇಡ, ಜಮಖಾನೆಯ ಮೇಲೆ ಕೂತ ಶಾಲೆಯ ಮಕ್ಕಳೆಲ್ಲ ನೀನು ನೋಡಿದ ಕಡೆಗೇ ನೋಡುತ್ತಾರೆ — ನೋಡಿದರು.

ತಪ್ಪು ನನ್ನದೇ, ಗೊತ್ತು, ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಗೊತ್ತಾಯಿತು, ಅಪ್ಪ ಸತ್ತ ಮ್ಯಾಲ ಹುಟ್ಟಿದಾಂವ ಅಂದಿ, ಅಪ್ಪ ಬಂದು ದಂಡ ಕಟ್ಟಿದ ಅಂದಿ, ಸತ್ತಾಂವ ಯಾವ ಬಸ್ಸಿಗಿ ಬಂದ ಹೇಳ ತಂಗಿ, ಸ್ವರ್ಗದಿಂದ ಅಕ್ಕಲಕೋಟಿಗಿ ಬಸ್ಸು ಐತೇನ — ಸೋಲಾಪುರದ ಶಾಲೆಯಲ್ಲೂ ಕನ್ನಡ ತಿಳಿಯುವ ಮಕ್ಕಳು ಅಷ್ಟಿರುತ್ತಾರೆಂದು ನನಗೆ ಗೊತ್ತಿರಲಿಲ್ಲ, ನಕ್ಕ ನಗೆಗೆ ಮೇಲಿನ ತಗಡಿನ ಪತ್ರಾ ಹಾರುವುದೊಂದು ಬಾಕಿ, ನನಗೂ ನಗು ಬಂತು, ತಾಳ ಅಡ್ಡ ಹಿಡಿದು ನಕ್ಕೆ, ಎಷ್ಟು ಚೆನ್ನಾಗಿ ಹಿಡಿದಳು ಮುದುಕಿ. ಇದಕ್ಕೆಲ್ಲ ಕಾರಣ ಶುಭಾಂಗಿ ಟೀಚರ್, ಈ ಶಾಲೆಯಲ್ಲಿ ವಿಜ್ಞಾನ ಕಲಿಸುವವರು, ತಡವಳಕ್ಕೆ ಬಂದು ನಮ್ಮ ಅಂಗಳದಲ್ಲಿ ಕೂತು, ವಿಜ್ಞಾನ ದಿನಕ್ಕೆ ನಿಮ್ಮ ದೇವ್ರು ಬಿರೋಬಾನ ಹಾಡು ಬ್ಯಾಡ್ರಿ ಮಾಮಾ, ನ್ಯೂಟನ್‌ನ ಮ್ಯಾಲ ಒಂದು ಡೊಳ್ಳಿನ ಪದಾ ಹಾಡ್ರಿ ಅಂದರು, ಕಂದಲಗಾಂವದವರಿಗೂ ಹೇಳೀನಿ, ಸವಾಲ್ ಜವಾಬ್ ಆಗಲಿ. ಅಮೋಗಸಿದ್ಧ ಮಾಮಾ, ಅವ್ವನ ತಮ್ಮ, ಮೇಳದ ಯಜಮಾನ, ಎಲೆ ಅಡಿಕೆ ಜಗಿಯುತ್ತ, ಅಂವ ಯಾವ ದೇವ್ರ ಒಕ್ಕಲರಿ ಟೀಚರ್ ಅಂತ ಕೇಳಿದ. ಟೀಚರ್ ಹೇಳುತ್ತ ಹೋದರು, ನಾನು ಕದದ ಮರೆಗೆ ನಿಂತು ಕೇಳಿದೆ — ಹುಟ್ಟುವ ಮೊದಲೇ ಅಪ್ಪ ಸತ್ತಿದ್ದ, ತಂಬಿಗೆಯಲ್ಲಿ ಹಿಡಿಸುವಷ್ಟು ಸಣ್ಣ ಕೂಸು, ಉಳಿಯುವುದಿಲ್ಲ ಎಂದಿದ್ದರಂತೆ, ಅಜ್ಜಿಯ ಕೈಯಲ್ಲಿ ಬೆಳೆದ, ಅವ್ವ ಶಾಲೆ ಬಿಡಿಸಿ ಹೊಲ ನೋಡು ಕುರಿ ಕಾಯಿ ಎಂದಳು, ಅವನು ಬೇಲಿಯ ಬುಡದಲ್ಲಿ ಪುಸ್ತಕ ಹಿಡಿದು ಕೂತ, ಕುರಿಗಳು ಮಂದಿಯ ಬೆಳೆಗೆ ಹೊಕ್ಕವು, ಪಂಚರು ದಂಡ ಹಾಕಿದರು. ಮಾಮಾ ಎಲೆ ಉಗುಳಿ ಎದ್ದೇ ನಿಂತ, ಅಯ್ಯ ನಮ್ಮಾಂವ ಅದಾನಲ್ರಿ ಇಂವ! ನ್ಯೂಟಣ್ಣ! ಕುರಿ ಕಾಯಾಕ ಬರಲಾರದಾಂವ, ಆದ್ರೂ ನಮ್ಮಾಂವ.

ಆಮೇಲೆ ನ್ಯೂಟಣ್ಣನ ಮಾಮಾ ಮತ್ತು ಮಾಸ್ತರು ಅವನ ಅವ್ವನಿಗೆ ಹೇಳಿ ಮತ್ತೆ ಶಾಲೆಗೆ ಕಳಿಸಿದರಂತೆ, ನನ್ನನ್ನು ಏಳನೆಯದಕ್ಕೆ ಬಿಡಿಸಿದಾಗ ಹಾಗೆ ಯಾರೂ ಬರಲಿಲ್ಲ, ಬರಲಿ ಎಂದು ನಾನೂ ಕಾಯಲಿಲ್ಲ, ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳುವುದು ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು, ಈಗ ನೋಡಿದರೆ ಶಾಲೆಯಲ್ಲೇ ನಿಂತಿದ್ದೇನೆ, ಉತ್ತರವೂ ಹೇಳಬೇಕು. ರೊಟ್ಟಿ ಬಡಿಯುವಾಗ ಹಾಡು ತಾನೇ ಬರುತ್ತದೆ, ಕೈಯ ಪೆಟ್ಟಿಗೆ ಒಂದೊಂದು ಮಾತು, ಊರಿಗಿ ರೋಗ ಬಂದು ಕಾಲೇಜು ಮುಚ್ಚಿತ್ತಣ್ಣ, ನಮಗ ಲಾಕ್‌ಡೌನ್ ಆದಂಗ, ಮನಿಗಿ ಬಂದಾಂವ ಕಿಟಕಿಗಿ ತೂತ ಕೊರದಾನ, ತೂತಿನ ಬೆಳಕಿಗಿ ಗಾಜಿನ ತುಂಡು ಹಿಡದಾನ, ಬಿಳಿ ಬೆಳಕು ಸೀಳಿ ಕಾಮನಬಿಲ್ಲ ಗ್ವಾಡಿಗಿ ಬಿತ್ತಣ್ಣ — ಅದನ್ನು ಹಾಡಿದಾಗ ಮಕ್ಕಳು ಗೋಡೆಯ ಕಡೆ ತಿರುಗಿ ನೋಡಿದ್ದರು, ಅಲ್ಲಿ ಏನೂ ಇರಲಿಲ್ಲ, ಆದರೂ ನೋಡಿದ್ದರು! ಸೇಬಿನ ಸಾಲಿಗೆ ಮಾಮಾ ಜಗಳ ತೆಗೆದಿದ್ದ, ಸೇಬ ಯಾರ ಹೊಲದಾಗ ನೋಡೀದಿ, ಪೇರಲ ಮಾಡು. ಬ್ಯಾಡ ಮಾಮಾ, ಅಂವ ನೋಡಿದ್ದು ಸೇಬ. ನೀ ಏನ್ ಬಾಜೂಕ ಕುಂತಿದ್ದೆ? ಸೇಬು ಉಳಿಯಿತು. ಸೇಬನ್ನು ಎಳೆದದ್ದೇ ಚಂದ್ರನನ್ನೂ ಎಳೆಯುತ್ತದೆ, ಚಂದ್ರನೂ ಬೀಳುತ್ತಲೇ ಇದ್ದಾನೆ, ಬೀಳುತ್ತ ಬೀಳುತ್ತ ಪಕ್ಕಕ್ಕೂ ಓಡುತ್ತಾನೆ, ಅದಕ್ಕೇ ನೆಲ ಅವನಿಗೆ ಸಿಗುವುದೇ ಇಲ್ಲ, ಅದನ್ನು ಕೇಳಿದ ರಾತ್ರಿ ಅಂಗಳದಲ್ಲಿ ಮಲಗಿ ನೋಡುತ್ತಿದ್ದೆ, ಪಾಪ ಎನಿಸಿತು, ಮೋಜೂ ಎನಿಸಿತು. ಅಷ್ಟೆಲ್ಲ ಸರಿಯಾಗಿ ಕಟ್ಟಿದವಳು ದಂಡದ ಸಾಲಿಗೆ ಬಂದಾಗ ಬಾಯಿ ತಾನೇ ಹಳೆಯ ದಾರಿ ಹಿಡಿಯಿತು, ನಮ್ಮ ಎಲ್ಲ ಪದಗಳಲ್ಲೂ ಕುರಿ ಬೆಳೆಗೆ ಹೊಕ್ಕರೆ ಅಪ್ಪ ಬಂದಾನ ಕಂಬಳಿ ಹಾಸ್ಯಾನ ದಂಡಾ ಕಟ್ಟ್ಯಾನ, ತಯಾರಾದ ಸಾಲು, ಅಜ್ಜಂದಿರ ಕಾಲದ್ದು, ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಬಂದು ಕೂತುಬಿಟ್ಟಿತು. ವೈನಿಯೂ ಹಾಡಿದಳು, ಮಾಮಾನೂ ಒಪ್ಪಿದ, ಯಾರ ಕಿವಿಗೂ ಚುಚ್ಚಲಿಲ್ಲ, ಎಲ್ಲರ ಬಾಯಿಗೂ ರೂಢಿ.

ಕೋಲು ಇನ್ನೂ ಮೇಲಿದೆ. ಅಕ್ಕನಾಗಮ್ಮನ ತೋಳು ನಡುಗುವುದಿಲ್ಲವೇ, ಆ ವಯಸ್ಸಿಗೆ ಎಂಥ ತೋಳು. ಮಾಮಾ ನನ್ನ ಕಡೆ ನೋಡುತ್ತಿಲ್ಲ, ನೆಲ ನೋಡುತ್ತಿದ್ದಾನೆ, ಬಸ್ಸು ಹತ್ತುವಾಗ ಹೇಳಿದ್ದ, ಸಾರಿಕಾ, ಮೇಳದಾಗ ತಪ್ಪಬಹುದು, ತಪ್ಪಿದ್ದು ತಿದ್ದಬಹುದು, ಸುಮ್ಮ ನಿಂದ್ರಬಾರದು, ಇವತ್ತ ನಾವು ಸುಮ್ಮ ನಿಂತಿವಂದ್ರ ನಾಳಿಂದ ಹಳೇ ಪದಾನs, ನಿನ್ನ ಹೊಸಾವು ಮುಗದುವು. ಮುಗಿದವು ಎಂದರೆ ರೊಟ್ಟಿ ಬರಿಯ ರೊಟ್ಟಿಯಾಗುತ್ತದೆ. ವೈನಿಯ ಕಿವಿಯಲ್ಲಿ ಹೇಳೋಣವೆಂದರೆ ನಡುವೆ ಎರಡು ಡೊಳ್ಳು, ಡೊಳ್ಳಿಗಿಂತ ದೊಡ್ಡದು ಮಾಮಾನ ಹೊಟ್ಟೆ, ದಾಟುವುದು ಹೇಗೆ, ತುಟಿ ಆಡಿಸಿದೆ, ವೈನಿ ಹುಬ್ಬು ಎತ್ತಿದಳು, ಏನ? — ಜೋರಾಗಿ ಹೇಳಲೇ ಖೋಡಿ ಅನ್ನುವ ಹುಬ್ಬು. ಏನು ಹೇಳಲಿ, ನ್ಯೂಟಣ್ಣನಿಗೆ ಅಪ್ಪನಿರಲಿಲ್ಲ, ಅವನ ಅವ್ವ ಆಮೇಲೆ ಮಾಡಿಕೊಂಡ ಎರಡನೆಯ ಗಂಡನೂ ಅಷ್ಟರಲ್ಲಿ ತೀರಿಕೊಂಡಿದ್ದ, ಮತ್ತೆ ದಂಡ ಯಾರು ಕಟ್ಟಿದರೆಂದು ಟೀಚರ್ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ, ಕೇಳುವುದೇನಿದೆ — ಮಂದ್ರೂಪದ ಕಬ್ಬು. ನಮ್ಮ ಅಪ್ಪ ತೀರಿದ ವರ್ಷ, ನಮ್ಮ ಕುರಿ ಕಬ್ಬಿಗೆ ಹೊಕ್ಕಾಗ ಗೌಡ ಬದುವಿನ ಮೇಲೆ ನಿಂತು, ನಿಮ್ಮಾಗ ಗಂಡಸರ್ಯಾರು, ಅವರನ್ನ ಕರೀರಿ ಅಂದ, ಅವ್ವ ಅಪ್ಪನ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡೇ ಇದ್ದಳು, ಬಿಸಿಲಲ್ಲೂ ಹಾಕಿಕೊಂಡಿದ್ದಳು, ಕರದರ ಬರಾಂವ ಅಲ್ರಿ ಅಂವ, ನಾ ಬಂದೀನಿ, ದಂಡ ಏನು ಹೇಳ್ರಿ ಅಂದಳು. ಗೌಡನ ಬರಿಯ ಹೊಲದಲ್ಲಿ ನಮ್ಮ ಹಿಂಡನ್ನು ರಾತ್ರಿಯೆಲ್ಲ ತರುಬಿ, ಕುರಿ ಹಾಕಿದ ಗೊಬ್ಬರದಲ್ಲೇ ದಂಡ ತೀರಿಸಿದಳು, ಮರುವರ್ಷ ಅದೇ ಗೌಡ ಮೋಟರ್‌ಸೈಕಲ್ ಮೇಲೆ ಬಂದು, ರೇವಮ್ಮ, ಈ ಸಲಾನೂ ಕುರಿ ತರುಬರಿ ನಮ್ಮ ಹೊಲದಾಗ, ಜ್ವಾಳ ಆಳೆತ್ತರ ಬಂದಾವ ಅಂದ, ಅವ್ವ ನಗದೇ ಹೇಳಿದಳು, ಮೊದಲ ಕಬ್ಬು ತಿನ್ನಸ್ರಿ, ಆಮ್ಯಾಲ ತರುಬತೀನಿ. ಆ ಕಂಬಳಿಯ ಬೆನ್ನಿನ ಹಿಂದೆ ನಡೆದವಳು ನಾನು, ಕಣ್ಣಾರೆ ನೋಡಿದವಳು, ನಾನೇ ಅಪ್ಪ ಎಂದು ಕಟ್ಟಿದೆನಲ್ಲ!

ತಾಳ ಬಡಿಯಿತು, ನನ್ನದೇ ಕೈ, ಯಾರೋ ಹಾಡುತ್ತಿದ್ದಾರೆ, ಸಣ್ಣ ದನಿ, ಕೆಂಪಿರುವೆಯ ದನಿ, ಅಪ್ಪ ಅಂದದ್ದು ಹಳೇ ಬಾಯಿ ಅಕ್ಕಾ, ತಪ್ಪ ನನ್ನ ಪದದ್ದು, ನಾ ತಿದ್ದತೀನಿ — ಮಾಮಾ ತಲೆ ಎತ್ತಿದ, ಅಡ್ಡವಿದ್ದ ಹೊಟ್ಟೆ ತಾನೇ ಸರಿಯಿತು — ಗಂಡ ಇಲ್ಲದ ಮನಿ, ಕುರಿ ಮಂದಿ ಬೆಳಿಯಾಗ, ದಂಡಾ ಕಟ್ಟಿದಾಕಿ ಅವ್ವನs ಇರಬೇಕು, ಕಂಬಳಿ ಹೊತ್ತಾಕಿ, ಬೆಳಕ ಸೀಳಿದಾಂವನ ಹಡದಾಕಿ, ಅಕಿ ಹೆಸರ ಯಾವ ಪದದಾಗ ಐತಿ ಹೇಳ ಅಕ್ಕಾ — ಅಯ್ಯೋ ಉತ್ತರದ ಬಾಲಕ್ಕೆ ಪ್ರಶ್ನೆ ಬಂತು, ನಾನು ಕಟ್ಟಿರಲಿಲ್ಲ ಅದನ್ನು, ರೊಟ್ಟಿಯೂ ಇಲ್ಲ ಹಿಟ್ಟೂ ಇಲ್ಲ, ನಿಂತಲ್ಲೇ ಬಂತು, ವೈನಿ ಬಿಟ್ಟ ಬಾಯಿ ಬಿಟ್ಟೇ ನಿಂತಿದ್ದಾಳೆ, ಮಕ್ಕಳು ಚಪ್ಪಾಳೆಯೋ ಏನೋ, ನನಗೆ ಕೇಳಿಸುತ್ತಿಲ್ಲ, ನನಗೆ ಕಾಣುವುದು ಅಕ್ಕನಾಗಮ್ಮನ ಮುಖ, ಸಿಟ್ಟೇ, ಸಿಟ್ಟಲ್ಲ, ಅವಳ ಕಣ್ಣು ಎಲ್ಲೋ ಹೋಗಿ ಬಂದಂತಿದೆ, ಯಾರಲೇ ನೀ, ಇಷ್ಟ ದಿನಾ ಎಲ್ಲಿ ಅಡಗಿದ್ದಿ? — ತಾಳದ ಹಿಂದ, ಅಕ್ಕಾ — ಮೈಕು ಅದನ್ನೂ ಹಿಡಿದು ಇಡೀ ಶಾಲೆಗೆ ಹೇಳಿತು, ಅವಳು ನಕ್ಕಳು, ಹೆಜ್ಜೆ ಎತ್ತಿದಳು, ನಡುವಿನ ಜಮಖಾನೆ ದಾಟುತ್ತಿದ್ದಾಳೆ, ದಾಟಿದಳು, ಕೋಲು ಇನ್ನೂ ಮೇಲೆ, ಈ ಕಡೆಗೆ, ನಮ್ಮ ಕಡೆಗೆ, ಕೋಲಿನ ತುದಿಗೆ ಅರಿಶಿನ ಹತ್ತಿದೆ, ಮೇಲೇ ಇದೆ, ಬೀಳುತ್ತದೆ, ಬೀಳುತ್ತಿದೆ, ನಮ್ಮ ಡೊಳ್ಳಿನ ಮೇಲೆ ಆ ಕೋಲು, ಕೋಲು —