ಗಾಂಧಾರದ ಪೆಡಲ್

ಹೆಂಡತಿ ಹೇಮಾ ತೀರಿಕೊಂಡಾಗ ಭಾಸ್ಕರ ಅಳಲಿಲ್ಲ. ಜ್ವರ ತಲೆಗೇರಿ, ಮಾತಾಡುತ್ತಲೇ ಇದ್ದವಳು ವಾರದೊಳಗೆ ಇಲ್ಲವಾಗಿದ್ದಳು. ಕ್ರಿಯಾಕರ್ಮ ಮುಗಿದ ಮರುದಿನವೇ ಅವನು ಸ್ಪ್ಯಾನರ್ ಹಿಡಿದು ಭಟ್ಕಳದ ತೆಂಗಿನಗುಂಡಿ ಬಂದರಿನಲ್ಲಿ ಯಾರದೋ ಬೋಟಿನ ಇಂಜಿನ್ ಬಿಚ್ಚಲು ಕೂತ. ದುಃಖ ತಡೆದುಕೊಂಡಿದ್ದಾನೆ ಎಂದರು ಕೆಲವರು. ತಡೆದುಕೊಳ್ಳಲು ಒಳಗೆ ಏನೂ ಇರಲಿಲ್ಲ. ಧಾರೇಶ್ವರದಿಂದ ಬಂದಿದ್ದ ಅತ್ತೆ ತಿಮ್ಮಕ್ಕ ಅಂಗಳದಲ್ಲಿ ಎಲ್ಲರೆದುರು, "ಕಲ್ಲಿಗೆ ಮಗಳನ್ನ ಕೊಟ್ಟೆ" ಎಂದು ಹೇಳಿ ಹೋದವಳು ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಅವನೂ ಹೋಗಿ ಮಾತಾಡಿಸಲಿಲ್ಲ.

ಮಳೆಗಾಲದಲ್ಲಿ ಬೋಟುಗಳು ದಡ ಹತ್ತಿದ ಮೇಲೆ ಅವನಿಗೆ ಕೆಲಸ ಕಡಿಮೆಯಾಯಿತು. ಆಗ ಗಿಟಾರು ಮಾಡಲು ಶುರು ಮಾಡಿದ. ಹಿಂದೆ ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಅವನು ತೊಡೆಯ ಮೇಲೆ ಮಲಗಿಸಿ ಸರಳು ಜಾರಿಸುವ ಹವಾಯಿಯನ್ ಗಿಟಾರು ನುಡಿಸುತ್ತಿದ್ದ. ಈಗ ಮಾಡಹೊರಟಿದ್ದು ಅದರ ದೊಡ್ಡಣ್ಣ, ಕಾಲಿನಿಂದ ಒತ್ತುವ ಪೆಡಲ್ ಇರುವಂಥದು. ಒಡೆದ ದೋಣಿಯ ಹೆಬ್ಬಲಸಿನ ಹಲಗೆಯನ್ನು ಮೇಜಿನಂತೆ ನಾಲ್ಕು ಕಾಲಿನ ಮೇಲೆ ನಿಲ್ಲಿಸಿ ತಂತಿ ಕಟ್ಟಿದ. ಪೆಡಲಿಗೂ ತಂತಿಯ ತುದಿಗೂ ನಡುವೆ, ಒತ್ತಿದರೆ ತಂತಿ ಬಿಗಿದು ಸ್ವರ ಏರುವ ಹಾಗೆ, ಬೈಕಿನ ಬ್ರೇಕ್ ಕೇಬಲ್ ಹಾಕಿದ. ತಂತಿಯ ಮೇಲೆ ಜಾರಿಸುವ ಸರಳಿಗೆ ಹಳೆಯ ಇಂಜಿನ್ನಿನ ಪಿಸ್ಟನ್ ಪಿನ್ ಸಿಕ್ಕಿತು. ಉಜ್ಜಿ ಉಜ್ಜಿ ಅದನ್ನು ಕನ್ನಡಿಯಂತೆ ಮಾಡಿದ.

ಯಾವ ತಂತಿಯನ್ನು ಯಾವ ಸ್ವರಕ್ಕೆ ಕೂರಿಸುವುದು, ಯಾವ ಪೆಡಲ್ ಯಾವುದನ್ನು ಬದಲಿಸಬೇಕು ಎಂಬುದು ಮಾತ್ರ ಬಗೆಹರಿಯಲಿಲ್ಲ. ಹೊನ್ನಾವರಕ್ಕೆ ಹೋಗಿ, ತನಗೆ ಕಲಿಸಿದ್ದ ಕೃಷ್ಣಾನಂದ ಮಾಸ್ತರರನ್ನು ಕೇಳಿದ.

"ತಂತಿ ಸಾ, ಗಾ, ಪಾಕ್ಕೆ ಇರ್ಲಿ" ಎಂದರು ಮಾಸ್ತರರು. "ಒಂದು ಪೆಡಲ್ ಪಂಚಮವನ್ನ ಧೈವತಕ್ಕೆ ಏರಿಸ್ಲಿ, ಇನ್ನೊಂದು ಗಾಂಧಾರವನ್ನ ಮಧ್ಯಮಕ್ಕೆ. ಸಿನಿಮಾ ಹಾಡಿಗೆಲ್ಲ ಅಷ್ಟಾದ್ರೆ ಸಾಕು."

ಹಾಗೆಯೇ ಮಾಡಿದ. ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಸ್ವರಗಳು ಏರಿ ಹೊಸ ಸ್ವರಮೇಳವೊಂದು ಹೊಮ್ಮುತ್ತಿತ್ತು. ತಪ್ಪೇನೂ ಇರಲಿಲ್ಲ. ಆದರೂ ಅವನು ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗೆ ಕೇಳಿ ಎದ್ದುಬಿಡುತ್ತಿದ್ದ. ಮತ್ತೆ ಮಾಸ್ತರರ ಮನೆಗೆ ಹೋದಾಗ ಅವರು ಕನ್ನಡಕ ತೆಗೆದು, "ಇದ್ರಲ್ಲಿ ನೀ ಎಂತ ನುಡಿಸ್ಬೇಕು ಅಂತ ಮಾಡಿದ್ಯೋ?" ಎಂದು ಕೇಳಿದರು.

ಭಾಸ್ಕರ ಹೇಳಿದ: "ಹೇಮಾ, ಅತ್ತೆ ಇಬ್ರೂ ಮದುವೆ ಮನೇಲಿ ಹೆಣ್ಣಿಗೆ ಅರಿಶಿನ ಹಚ್ಚುವಾಗ ಒಂದು ಹಾಡು ಹೇಳ್ತಿದ್ರು. ಅತ್ತೆ ಒಂದೇ ದನಿ ಹಿಡ್ಕಂಡು ನಿಲ್ತಿತ್ತು. ಹೇಮಾ ಅದ್ರ ಮೇಲಿಂದ ಇಳಿತಿತ್ತು. ಸರಳು ಜಾರಿಸಿದ್ರೆ ಎಲ್ಲಾ ತಂತಿನೂ ಒಟ್ಟಿಗೆ ಇಳಿತದೆ ಮಾಸ್ತರ್ರೆ. ನಂಗೆ ಒಂದು ನಿಂತು ಒಂದು ಇಳೀಬೇಕು."

"ಹಾಗಾದ್ರೆ ಗಾಂಧಾರ ಕೆಳಗೆ ಹೋಗ್ಬೇಕು. ಎಷ್ಟು ಕೆಳಗೆ?"

"ನೆನಪಿಲ್ಲ. ಅವಳ ದನಿಯೇ ನೆನಪಿಗೆ ಬರುದಿಲ್ಲ."

"ಮತ್ತೆ ನನ್ನ ಕೇಳಿದ್ರೆ ಎಂತ ಬಂತು? ಧಾರೇಶ್ವರಕ್ಕೆ ಹೋಗು."

ಅವನು ಗಾಂಧಾರದ ಕೇಬಲನ್ನು ಬಿಚ್ಚಿ ತಿರುವಿ ಹಾಕಿದ. ಈಗ ಪೆಡಲ್ ಒತ್ತಿದರೆ ತಂತಿ ಸಡಿಲಾಗುತ್ತಿತ್ತು, ಬಿಟ್ಟರೆ ಸ್ಪ್ರಿಂಗ್ ಅದನ್ನು ಮೊದಲಿನ ಬಿಗಿಗೆ ಎಳೆಯುತ್ತಿತ್ತು. ಪೆಡಲಿನ ಕೆಳಗೆ ಒಂದು ಬೋಲ್ಟ್ ಕೂರಿಸಿದ. ಅದನ್ನು ತಿರುಗಿಸಿ ಸ್ವರ ಎಲ್ಲಿಯವರೆಗೆ ಇಳಿಯಬೇಕೆಂದು ಗೊತ್ತುಮಾಡಬಹುದಿತ್ತು. ಮಳೆ ಬಿಟ್ಟ ಒಂದು ಬೆಳಿಗ್ಗೆ ಗಿಟಾರನ್ನೂ ಸಣ್ಣ ಸ್ಪೀಕರನ್ನೂ ಗೂಡ್ಸ್ ರಿಕ್ಷಾದಲ್ಲಿ ಹಾಕಿಕೊಂಡು ಹೊರಟ.

ತಿಮ್ಮಕ್ಕ ಜಗಲಿಯಲ್ಲಿ ಮೀನು ಬುಟ್ಟಿ ತೊಳೆದು ಕವುಚಿ ಹಾಕುತ್ತಿದ್ದಳು. ಅಳಿಯನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಎಂತಕ್ಕೆ ಬಂದೆ?"

"ಅರಿಶಿನದ ಹಾಡು ಒಂದ್ಸಲ ಹೇಳ್ಬೇಕು ಅತ್ತೆ."

"ಹೆಂಡ್ತಿ ಸತ್ತಾಗ ಕಣ್ಣಲ್ಲಿ ಒಂದು ಹನಿ ನೀರು ಬರ್ಲಿಲ್ಲ. ನಿಂಗೆ ಹಾಡು ಬೇರೆ ಕೇಡು."

"ಬರ್ಲಿಲ್ಲ ಹೌದು" ಎಂದ ಭಾಸ್ಕರ. "ಈಗ್ಲೂ ಬರುದಿಲ್ಲ. ನಂಗೆ ಎಂತದೂ ಆಗುದೇ ಇಲ್ಲ ಅತ್ತೆ. ಬೆಳಗಾತದೆ, ಕೆಲ್ಸಕ್ಕೆ ಹೋಗ್ತೆ, ರಾತ್ರಿ ಮನಿಕ್ಕಂತೆ. ಅವಳಿದ್ದಳು ಅಂಬುದೇ ಯಾರೋ ಹೇಳಿದ ಸುದ್ದಿ ಹಾಂಗೆ ಆಗೀದು."

ತಿಮ್ಮಕ್ಕ ಅವನ ಮುಖವನ್ನು ನೋಡಿದಳು. ಬುಟ್ಟಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಆತು, ಆ ಮೇಜು ಒಳಗೆ ತಕ್ಕಂಡು ಬಾ" ಎಂದಳು.

ಅವಳು ಹೇಳತೊಡಗಿದಾಗ ದನಿ ಒಡೆದಿತ್ತು. ಎರಡನೆಯ ಸಲ ನೆಟ್ಟಗಾಯಿತು. ಭಾಸ್ಕರ ಷಡ್ಜ, ಪಂಚಮಗಳನ್ನು ಅವಳ ದನಿಗೆ ಕೂಡಿಸಿಕೊಂಡ. ಆಮೇಲೆ ಅವಳು ಮಗಳ ಭಾಗವನ್ನು ಹೇಳಿದಳು. ಅವನು ಪೆಡಲ್ ಒತ್ತಿದ. ಗಾಂಧಾರ ಕೋಮಲಕ್ಕೆ ಇಳಿಯಿತು.

"ಅಷ್ಟು ಇಳೀಬೇಡ" ಎಂದಳು ತಿಮ್ಮಕ್ಕ. "ಅದು ಅಳುವವರ ದನಿಯಾತು. ಮದಿ ಹೆಣ್ಣಿಗೆ ಹೇಳುದು ಇದು."

ಬೋಲ್ಟ್ ತಿರುಗಿಸಿ ಮತ್ತೆ ಒತ್ತಿದ.

"ಈಗ ಕಡಿಮಿ ಆತು. ಇನ್ನೊಂಚೂರು."

ಕೂದಲೆಳೆಯಷ್ಟು ತಿರುಗಿಸಿದ. ಶುದ್ಧವೂ ಅಲ್ಲದೆ ಕೋಮಲವೂ ಅಲ್ಲದೆ, ಹಾರ್ಮೋನಿಯಂನಲ್ಲಿ ಮನೆಯೇ ಇಲ್ಲದ ಜಾಗದಲ್ಲಿ ಸ್ವರ ಬಂದು ನಿಂತಿತು. ಕೆಳಗೆ ಷಡ್ಜ, ಪಂಚಮಗಳು ಅಲುಗಾಡದೆ ಇದ್ದವು. ತಿಮ್ಮಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿ ಕೂತಳು.

ಭಾಸ್ಕರ ಕಾಯ್ದ. ತನಗೂ ಏನಾದರೂ ಆದೀತು ಎಂದು ನಿಜವಾಗಿಯೂ ಕಾಯ್ದ. ಆಗಲಿಲ್ಲ. ಬಗ್ಗಿ ಬೋಲ್ಟಿನ ಲಾಕ್ ನಟ್ಟನ್ನು ಬಿಗಿದ, ಮತ್ತೆ ಜಾರದ ಹಾಗೆ.

"ನಿಂಗೆ ಗೊತ್ತಾತೇ?" ಎಂದು ಕೇಳಿದಳು ತಿಮ್ಮಕ್ಕ, ಕಣ್ಣೊರೆಸಿಕೊಂಡು.

"ಸ್ವರ ಗೊತ್ತಾತು. ಮತ್ತೆಂತದೂ ಇಲ್ಲ."

ಅವಳು ಈ ಸಲ ಬಯ್ಯಲಿಲ್ಲ. ಎದ್ದು ಬಂದು ಅವನ ಪಕ್ಕ ನಿಂತು ಪೆಡಲನ್ನು ಬಗ್ಗಿ ನೋಡಿದಳು. ಮರಳು ಮೆಟ್ಟಿ ಬಿರಿದ ಪಾದವನ್ನು ಅದರ ಮೇಲಿಟ್ಟು, "ನೀ ಬಾರ್ಸು. ನಾ ಒತ್ತತೆ" ಎಂದಳು.

ಮೊದಮೊದಲು ಅವಳು ತಡವಾಗಿ ಒತ್ತುತ್ತಿದ್ದಳು. ಆಮೇಲೆ, ಮಗಳು ಉಸಿರೆಳೆದುಕೊಳ್ಳುತ್ತಿದ್ದ ಜಾಗಕ್ಕೆ ಸರಿಯಾಗಿ ಅವಳ ಕಾಲು ಇಳಿಯತೊಡಗಿತು. ಮಧ್ಯಾಹ್ನದವರೆಗೂ ಅದೊಂದೇ ಸಾಲನ್ನು ನುಡಿಸಿದರು. ಅವನು ಹೊರಡುವಾಗ ತಿಮ್ಮಕ್ಕ, "ಇದ್ನ ಹೊತ್ಕಂಡು ಎಲ್ಲಿ ತಿರುಗ್ತೆ? ಇಲ್ಲೇ ಇರ್ಲಿ. ಆಯ್ತವಾರ ಬಾ" ಎಂದಳು.

ಭಾಸ್ಕರ ಸ್ಪೀಕರಿನ ವೈರ್ ಸುತ್ತಿಟ್ಟು, ತಂತಿಗಳ ಮೇಲೆ ಬಟ್ಟೆ ಮುಚ್ಚಿ, ಬರಿಗೈಯಲ್ಲಿ ಭಟ್ಕಳದ ಬಸ್ಸು ಹತ್ತಿದ. ಆಯ್ತವಾರ ಹೋದ. ಅದರ ಮುಂದಿನ ಆಯ್ತವಾರವೂ ಹೋದ.