ಮೊದಲ ಅಧ್ಯಾಯದ ತಾಯಿ

ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಯೋಗಾನರಸಿಂಹ ಮೇಷ್ಟ್ರು ಮಕ್ಕಳಿಗಾಗಿ ಎರಡು ಸಾಹಸದ ಕಾದಂಬರಿ ಬರೆದಿದ್ದರು. ಒಂದು ‘ಕರಿಗುಡ್ಡದ ನಿಧಿ’, ಇನ್ನೊಂದು ‘ಹಾರುವ ಕುದುರೆಯ ದ್ವೀಪ’. ಎರಡೂ ಮೈಸೂರಿನ ಒಂದು ಸಣ್ಣ ಅಚ್ಚುಕೂಟದಲ್ಲಿ ಅಚ್ಚಾಗಿದ್ದವು. ಓದಿದವರೆಲ್ಲ ಚೆನ್ನಾಗಿದೆ ಎಂದಿದ್ದರು. ಚೆನ್ನಾಗಿಲ್ಲ ಎನ್ನುವಷ್ಟು ಗಮನವಿಟ್ಟು ಯಾರೂ ಓದಿರಲಿಲ್ಲ.

೧೯೩೫ರ ಕಾರ್ತೀಕದಲ್ಲಿ ಸ್ಕೂಲಿನ ವಿಳಾಸಕ್ಕೆ ಒಂದು ಕಾರ್ಡು ಬಂತು. ಅಕ್ಷರ ದಪ್ಪ, ಸಾಲುಗಳು ಬಲಗಡೆಗೆ ಬರುತ್ತಾ ಇಳಿಜಾರು.

‘ಗ್ರಂಥಕರ್ತರಿಗೆ ನಮಸ್ಕಾರ. ಕರಿಗುಡ್ಡದ ನಿಧಿ ಮೂರು ಸಲ ಓದಿದೆ. ಹುಡುಗ ಗುಹೆಯಲ್ಲಿ ನಾಲ್ಕು ದಿನ ಇದ್ದ ಅಂತ ಬರೆದಿದ್ದೀರಿ. ಏನು ತಿಂದ? ಬರೆದಿಲ್ಲ. ಕಿರುಬನ ಜೊತೆ ಕುಸ್ತಿ ಮಾಡಿದ್ದು ಸುಳ್ಳು. ನಮ್ಮ ಊರಿನವರು ಕಿರುಬನ್ನ ಕಂಡರೆ ಓಡುತ್ತಾರೆ. ಓಡಿದ ಅಂತ ಬರೆದಿದ್ದರೂ ನನಗೆ ಭಯ ಆಗುತ್ತಿತ್ತು. ನಿಧಿ ಸಿಕ್ಕಿದ ಕೂಡಲೆ ಪುಸ್ತಕ ಮುಗಿಸಬಾರದಿತ್ತು. ಅವನು ಮನೆಗೆ ಬಂದದ್ದನ್ನೂ ಬರೆಯಬೇಕಿತ್ತು. ಇಂತಿ, ಯ., ಕೊಪ್ಪ.’

ಮೇಷ್ಟ್ರು ಅದನ್ನು ಮನೆಗೆ ತಂದು ಹೆಂಡತಿ ರಂಗನಾಯಕಿಗೆ ಓದಿ ಹೇಳಿದರು. ಆಕೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ನಕ್ಕಳು.

“ಹೌದೂಂದ್ರೆ, ಪಾಪ, ಆ ಹುಡುಗ ಏನು ತಿಂದ?”

“ಸಾಹಸದ ಕಥೆಯಲ್ಲಿ ಊಟದ ವಿಚಾರ ಯಾರು ಕೇಳ್ತಾರೆ?” ಎಂದರು ಮೇಷ್ಟ್ರು. ಸಿಟ್ಟು ಬಂದಿತ್ತು. ಆದರೂ ಎರಡು ದಿನ ಬಿಟ್ಟು ಉತ್ತರ ಬರೆದರು. ಗುಹೆಯಲ್ಲಿ ಕಾಡುಗೆಣಸು ಇತ್ತೆಂದೂ, ಬರೆಯಲು ಮರೆತೆನೆಂದೂ ಒಪ್ಪಿಕೊಂಡು, ಇನ್ನೊಂದು ಪುಸ್ತಕದ ಪ್ರತಿಯನ್ನೂ ಕಳಿಸಿದರು.

ಹದಿನೈದು ದಿನಕ್ಕೆ ಎರಡನೆಯ ಕಾರ್ಡು ಬಂತು.

‘ಹಾರುವ ಕುದುರೆ ಬಹಳ ಚೆನ್ನಾಗಿದೆ. ಅದು ಹಾರಿದ್ದನ್ನು ನಾನು ನಂಬಿದೆ. ರೆಕ್ಕೆ ಒದ್ದೆಯಾದರೆ ಹಾರಲಾರದು ಅಂತ ಬರೆದಿದ್ದೀರಲ್ಲ, ಅದಕ್ಕೆ ನಂಬಿದೆ. ಕಿರುಬನ ಕುಸ್ತಿಗಿಂತ ಇದೇ ನಿಜ. ರಾಜಕುಮಾರಿ ಮಾತ್ರ ಏನೂ ಮಾಡುವುದಿಲ್ಲ. ಕಿಟಕಿಯಲ್ಲಿ ಕೂತಿರುತ್ತಾಳೆ. ಕೂತು ಕೂತು ಅವಳಿಗೆ ಸೊಂಟ ನೋಯುವುದಿಲ್ಲವೆ? ಇನ್ನೊಂದು ಮಾತು. ಎರಡು ಪುಸ್ತಕದಲ್ಲೂ ಮೊದಲನೆ ಅಧ್ಯಾಯದಲ್ಲೇ ತಾಯಿ ಸಾಯುತ್ತಾಳೆ. ಯಾಕೆ?’

ಮೇಷ್ಟ್ರು ಈ ಸಲ ಸಿಟ್ಟಾಗಲಿಲ್ಲ. “ತಾಯಿ ಇದ್ದರೆ ಹುಡುಗನ್ನ ಮನೆ ಬಿಟ್ಟು ಹೊರಡಿಸೋದು ಹೇಗೆ? ಕಥೆ ಹೊಸಲು ದಾಟೋದೇ ಇಲ್ಲ,” ಎಂದರು ಹೆಂಡತಿಗೆ. ರಂಗನಾಯಕಿ ಅವರ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಇದೇ ಉತ್ತರವನ್ನು ಕಾರ್ಡಿನಲ್ಲಿ ಬರೆಯಲು ಕೂತರೆ ಮೇಷ್ಟ್ರಿಗೆ ಕೈ ಓಡಲಿಲ್ಲ. ಬರೆಯುತ್ತಿದ್ದ ಮೂರನೆಯ ಕಾದಂಬರಿಯ ಹಾಳೆಗಳನ್ನು ತೆಗೆದು ನೋಡಿದರು. ಅದರಲ್ಲೂ ಎರಡನೆಯ ಪುಟದಲ್ಲೇ ತಾಯಿ ತೀರಿಕೊಂಡಿದ್ದಳು.

ಆ ಭಾನುವಾರ ಕೊಪ್ಪದ ಕಡೆ ಹೊರಟಿದ್ದ ಗಾಡಿಯೊಂದನ್ನು ಹತ್ತಿದರು. ಪುಸ್ತಕದ ವಿಚಾರ ಇಷ್ಟು ಬಲ್ಲವನು ಯಾರೋ ಹೈಸ್ಕೂಲು ಕಲಿತ ಯುವಕನಿರಬೇಕು ಎಂದು ಅವರ ಊಹೆ. ಕೊಪ್ಪದ ಶಾಲೆಯ ಉಪಾಧ್ಯಾಯ ಶಿವಯ್ಯ ಕಾರ್ಡು ನೋಡಿದವನೇ ನಕ್ಕುಬಿಟ್ಟ.

“ಇದು ನಮ್ಮ ಯಶೋದ ಸಾರ್. ಮಾದಯ್ಯನ ಮಗಳು, ಹನ್ನೆರಡು ವರ್ಷ. ಪುಸ್ತಕ ನಾನೇ ಕೊಟ್ಟಿದ್ದು. ನಾಲ್ಕನೇ ಕ್ಲಾಸು ಮುಗಿಸಿದ್ಲು. ಆಮೇಲೆ ತಾಯಿಗೆ ಚಳಿಜ್ವರ ಹಿಡೀತು. ಆ ಹೆಂಗಸು ಎದ್ದು ಓಡಾಡಿ ಐದು ತಿಂಗಳಾಯ್ತು. ಮನೆ ಪೂರಾ ಈ ಹುಡುಗಿಯದೇ.”

ನಾಲೆಯ ನೀರು ಬಂದ ಮೇಲೆ ಆ ಸೀಮೆಯಲ್ಲಿ ಚಳಿಜ್ವರ ಹೊಸದೇನಲ್ಲ. ಮೇಷ್ಟ್ರು ಶಿವಯ್ಯ ತೋರಿಸಿದ ಮನೆಯ ಕಡೆ ನಡೆದರು.

ಬಾಗಿಲು ತೆರೆದಿತ್ತು. ಒಳಗಿನಿಂದ ಹುಡುಗಿಯ ದನಿ ಕೇಳುತ್ತಿತ್ತು. ಓದುತ್ತಿದ್ದಳು. ಮೇಷ್ಟ್ರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ನಿಂತರು. ಅವರದೇ ಕುದುರೆಯ ದ್ವೀಪ, ಮೊದಲನೆಯ ಅಧ್ಯಾಯ. ಅವರಿಗೆ ಬಾಯಿಪಾಠವಿದ್ದ ಸಾಲುಗಳು ಒಂದೊಂದಾಗಿ ಬಂದವು. ‘ಅಂದು ಬೆಳಗ್ಗೆ’ ಎಂದ ಹುಡುಗಿ ಒಂದು ಗಳಿಗೆ ತಡೆದಳು. ಅಲ್ಲಿ ಬರಬೇಕಾದದ್ದು ‘ಆ ಮಹಾತಾಯಿ ಕಣ್ಣು ಮುಚ್ಚಿದಳು’ ಎಂದು. ಹುಡುಗಿ ಓದಿದ್ದು ಬೇರೆ.

“ಅಂದು ಬೆಳಗ್ಗೆ ತಾಯಿ ತವರಿಗೆ ಹೋದಳು. ಹುಡುಗ ಒಬ್ಬನೇ ಸಮುದ್ರದ ಕಡೆ ಹೊರಟನು.”

ಮೇಷ್ಟ್ರು ಜಗಲಿಯ ಕಂಬ ಹಿಡಿದು ಕೂತರು. ಸದ್ದು ಕೇಳಿ ಹುಡುಗಿ ಹೊರಗೆ ಬಂದಳು. ಸಣಕಲು ದೇಹ, ಸೀರೆಯ ಹಾಗೆ ಎತ್ತಿ ಸಿಕ್ಕಿಸಿದ ಲಂಗ, ಕೈಯಲ್ಲಿ ಪುಸ್ತಕ. ತಾವು ಯಾರೆಂದು ಮೇಷ್ಟ್ರು ಹೇಳಿದಾಗ ಅವಳು ಪುಸ್ತಕವನ್ನೂ ಅವರ ಮುಖವನ್ನೂ ಎರಡೆರಡು ಸಲ ನೋಡಿದಳು.

“ನೀವು ಇಷ್ಟು ವಯಸ್ಸಾದೋರು ಅಂತ ಗೊತ್ತಿರ್ನಿಲ್ಲ,” ಎಂದಳು.

“ಯಾರವ್ವ ಅದು?” ಎಂದು ಒಳಗಿನಿಂದ ತಾಯಿ ಕೇಳಿದಳು.

“ಪುಸ್ತಕ ಬರ್ದೋರು ಕಣವ್ವ! ಮದ್ದೂರ್ನಿಂದ ಬಂದವ್ರೆ!”

“ಅಯ್ಯೋ, ಅಂಗೇ ನಿಂತ್ಕಂಡಿದ್ದೀಯಲ್ಲ. ಓಗು, ನಿಮ್ಮಪ್ಪನ್ನ ಕರಿ. ಎಳನೀರು ಕೆಡವ್ಸು.”

ಹುಡುಗಿ ತೋಟದ ಕಡೆ ಓಡಿದಳು. ನಡುಮನೆಯಲ್ಲಿ ಚಾಪೆಯ ಮೇಲೆ ಎರಡು ಕಂಬಳಿ ಹೊದ್ದು ಮಲಗಿದ್ದ ಅಂಕಮ್ಮ ಗೋಡೆಗೆ ಒರಗಿ ಎದ್ದು ಕೂರಲು ನೋಡಿದಳು. ಮುಖ ಹಳದಿಗಟ್ಟಿತ್ತು. ಮೇಷ್ಟ್ರು ಹೊಸಲಿನ ಬಳಿ ಕೂತು, “ಏಳಬೇಡಿ ತಾಯಿ,” ಎಂದರು.

ಅಂಕಮ್ಮ ದನಿ ತಗ್ಗಿಸಿದಳು. “ಸ್ವಾಮಿ, ಒಂದು ಕೇಳ್ತೀನಿ. ಆ ಪುಸ್ತಕ್ದಾಗೆ ಹುಡುಗನ ಅವ್ವ ಸತ್ತೋಯ್ತಾಳೆ, ಅಲ್ವರಾ?”

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

“ಅಂದ್ಕಂಡೆ. ಅಲ್ಲಿಗೆ ಬತ್ತಿದ್ದಂಗೆ ನನ್ ಹೆಣ್ಮಗ ಉಸಿರು ಹಿಡ್ಕತದೆ. ತವರಿಗೋದ್ಲು ಅಂತದೆ. ಯಾವ ಅವ್ವ ಅಷ್ಟು ದಿವಸ ತವರಲ್ಲಿ ಕುಂತಿರ್ತಾಳೆ, ಅತ್ತ ಹುಡುಗ ಸಮುದ್ರಕ್ಕೆ ಬಿದ್ದಿರುವಾಗ? ನಾನೂ ಕೇಳಕ್ಕೋಗಿಲ್ಲ. ಮಗೀಗೆ ಅಂಗನ್ಕಂಡ್ರೆ ಧೈರ್ಯ, ಅನ್ಕಳ್ಳಿ.”

ಅಷ್ಟರಲ್ಲಿ ಮಾದಯ್ಯ ಎಳನೀರು ಹಿಡಿದು ಬಂದ. ಹೆಂಡತಿಗೆ ಕಷಾಯ ಮಾಡಿಕೊಟ್ಟಿದ್ದ, ತಾಯಿತ ಕಟ್ಟಿಸಿದ್ದ. ದೊಡ್ಡಾಸ್ಪತ್ರೆ ಎಂದರೆ ಅವನಿಗೆ ಭಯ. ಹೋದವರು ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ಮೇಷ್ಟ್ರು ಪುಸ್ತಕದ ಮಾತನ್ನೆಲ್ಲ ಬದಿಗಿಟ್ಟು ಒಂದು ಗಂಟೆ ಹೊತ್ತು ಅವನೊಡನೆ ವಾದಿಸಿದರು. ದೊಡ್ಡಾಸ್ಪತ್ರೆ ಬೇಡ, ಮದ್ದೂರಿನ ಡಿಸ್ಪೆನ್ಸರಿಯಲ್ಲೇ ಚಳಿಜ್ವರಕ್ಕೆ ಕೊಯಿನಾ ಮದ್ದು ಕೊಡುತ್ತಾರೆ. ಇರುವುದಕ್ಕೆ ತಮ್ಮ ಮನೆಯ ಜಗಲಿಕೋಣೆ ಇದೆ. ದಿನಾ ಕೊಪ್ಪದಿಂದ ಓಡಾಡಬೇಕಾಗಿಲ್ಲ.

“ನಿಮ್ಮ ಮನೇಲಿ ನಾವು ಎಂಗೆ ಸ್ವಾಮಿ?” ಎಂದ ಮಾದಯ್ಯ.

“ನನ್ನ ಹೆಂಡತಿ ಬೇಡ ಅಂದರೆ ಆಗ ಯೋಚನೆ ಮಾಡೋಣ,” ಎಂದರು ಮೇಷ್ಟ್ರು.

ರಂಗನಾಯಕಿ ಬೇಡ ಎನ್ನಲಿಲ್ಲ. ನಾಲ್ಕನೆಯ ದಿನ ಹುಲ್ಲು ಹಾಸಿದ ಗಾಡಿಯಲ್ಲಿ ಅಂಕಮ್ಮನೂ ಯಶೋದೆಯೂ ಬಂದಿಳಿದರು. ಪಕ್ಕದ ಮನೆಯವರು ಒಂದೆರಡು ಮಾತಾಡಿದರು. ರಂಗನಾಯಕಿ ಕೇಳಿಸದವಳ ಹಾಗೆ ಜಗಲಿಕೋಣೆಗೆ ಗಂಜಿ ಸಾಗಿಸುತ್ತಲೇ ಇದ್ದಳು. ಕೊಯಿನಾ ಕುಡಿದು ಅಂಕಮ್ಮನ ಕಿವಿ ಗುಂಯ್‌ಗುಟ್ಟುತ್ತಿತ್ತು. ಮೊದಲ ವಾರ ಎರಡು ಸಲ ಚಳಿ ಬಂದು ಮಂಚ ಅಲುಗಾಡುವಂತೆ ನಡುಗಿದಳು. ಎರಡನೆಯ ವಾರ ಚಳಿ ಬರಬೇಕಾದ ದಿನ ಮೇಷ್ಟ್ರು, ರಂಗನಾಯಕಿ, ಯಶೋದೆ ಮೂವರೂ ಕಾದು ಕೂತಿದ್ದರು. ಬರಲಿಲ್ಲ. ಸಂಜೆ ಅಂಕಮ್ಮ ತಾನಾಗಿ ಎದ್ದು ಬಾಗಿಲವರೆಗೆ ನಡೆದು, “ಉಪ್ಪಿನಕಾಯಿ ಇದ್ರೆ ಒಂಚೂರು ಕೊಡಿ ಅಮ್ಮಾವ್ರೆ,” ಎಂದಳು. ರಂಗನಾಯಕಿ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಉಪ್ಪಿನಕಾಯಿ ತಂದಳು.

ಯಶೋದೆ ಅಷ್ಟು ದಿನವೂ ಮೇಷ್ಟ್ರ ಪುಸ್ತಕದ ಬೀರುವಿನ ಮುಂದೆಯೇ ಇದ್ದಳು. ಓದಿದ್ದಕ್ಕೆಲ್ಲ ಅವಳದೊಂದು ತೀರ್ಮಾನ. ಮಂತ್ರವಾದಿ ಮಂತ್ರ ಹಾಕುವುದಕ್ಕೆ ಮುಂಚೆ ಅಷ್ಟೊಂದು ನಗಬಾರದು. ನಕ್ಕರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ನಕ್ಷೆ ಸಿಗುವ ಕಥೆಗಿಂತ ದಾರಿ ತಪ್ಪುವ ಕಥೆ ಒಳ್ಳೆಯದು. ಒಂದು ಮಧ್ಯಾಹ್ನ ಮೇಷ್ಟ್ರು ಬರೆಯುತ್ತಿದ್ದಲ್ಲಿಗೆ ಬಂದು ಹಾಳೆಗಳನ್ನು ಬಗ್ಗಿ ನೋಡಿದಳು.

“ಇದ್ರಲ್ಲೂ ಸಾಯ್ಸಿದ್ದೀರಿ,” ಎಂದಳು. “ನನ್ನ ಕಾಗದಕ್ಕೆ ಉತ್ತರ ಬರ್ನಿಲ್ಲ.”

ಮೇಷ್ಟ್ರು ಲೇಖನಿ ಕೆಳಗಿಟ್ಟರು. ಕಥೆ ಹೊಸಲು ದಾಟುವ ಮಾತನ್ನು ಹೇಳಬಹುದಾಗಿತ್ತು. ಹೇಳಲಿಲ್ಲ.

“ನನಗೆ ಆರು ವರ್ಷ ಇದ್ದಾಗ ಮೈಸೂರಲ್ಲಿ ಪ್ಲೇಗು ಬಂತು. ನನ್ನನ್ನ ಸೋದರಮಾವನ ಜೊತೆ ಮೇಲುಕೋಟೆಗೆ ಕಳಿಸಿದರು. ಅಮ್ಮ ಎಲ್ಲಿ ಅಂದರೆ, ತವರಿಗೆ ಹೋಗಿದ್ದಾಳೆ, ಬರ್ತಾಳೆ ಅಂದರು. ಎಲ್ಲರೂ ಹಾಗೇ ಅಂದರು. ನಾನು ದಿನಾ ಊರ ಬಾಗಿಲಲ್ಲಿ ಕೂತು ಗಾಡಿಗಳನ್ನ ನೋಡ್ತಿದ್ದೆ. ಒಂದು ವರ್ಷ ಕಾದೆ. ಕೊನೆಗೆ ಯಾರೂ ಹೇಳಲಿಲ್ಲ, ನನಗೇ ತಿಳೀತು. ಅದಕ್ಕೇ ನನ್ನ ಪುಸ್ತಕದಲ್ಲಿ ಸತ್ತರೆ ಸತ್ತಳು ಅಂತ ಮೊದಲೇ ಬರೀತೀನಿ ಕಣಮ್ಮ. ಯಾವ ಮಗುವೂ ಕಾಯಬಾರದು ಅಂತ.”

ಹುಡುಗಿಯ ಮುಖ ಬಿಳಿಚಿಕೊಂಡಿತು. ತಾನು ಬದಲಿಸಿ ಓದಿದ್ದನ್ನು ಅವರು ಅಂದು ಕೇಳಿಸಿಕೊಂಡಿದ್ದಾರೆ ಎಂದು ಅವಳಿಗೆ ಆಗ ಹೊಳೆಯಿತು. ಬಾಗಿಲ ಬಳಿ ಕೂತಿದ್ದ ಅಂಕಮ್ಮ, “ಬಾ ಇಲ್ಲಿ,” ಎಂದು ಮಗಳನ್ನು ಮಗ್ಗುಲಿಗೆ ಎಳೆದುಕೊಂಡಳು. “ನಂಗೆ ಗೊತ್ತಿತ್ತು ಕಣ್‌ಮಗ. ಇನ್‌ಮ್ಯಾಲೆ ಇರೋದ್ನೇ ಓದು. ನಾನೇನು ಎದ್ರಕಳಲ್ಲ.”

ಯಶೋದೆ ತಾಯಿಯ ಭುಜಕ್ಕೆ ಮುಖವೊತ್ತಿ ತುಸು ಹೊತ್ತು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಮೇಷ್ಟ್ರ ಕಡೆ ತಿರುಗಿದಳು.

“ಆದ್ರೂ ನೀವು ಬರ್ದಿರೋದು ಸರಿಯಿಲ್ಲ. ಎರಡೇ ಸಾಲ್ನಾಗೆ ಸತ್ತೋಯ್ತಾಳೆ. ಅವ್ಳು ಎಂಗಿದ್ಲು, ಎಂಗೆ ಬೈತಿದ್ಲು, ಏನೂ ಗೊತ್ತಾಗಕಿಲ್ಲ. ಕುದುರೆಗೂ ಒಂದು ಹೆಸರು ಇಟ್ಟಿದ್ದೀರಿ, ಅವ್ಳಿಗಿಲ್ಲ. ನಿಮ್ಮವ್ವನ ಹೆಸರೇನು?”

ಮೇಷ್ಟ್ರು ಬಾಯಿ ತೆರೆದರು. ಆ ಹೆಸರನ್ನು ಶ್ರಾದ್ಧದ ಮಂತ್ರದ ನಡುವೆ ಬಿಟ್ಟರೆ ಮೂವತ್ತು ನಲವತ್ತು ವರ್ಷದಿಂದ ಆಡಿರಲಿಲ್ಲ.

“ಆಂಡಾಳ್,” ಎಂದರು.

“ಚೆನ್ನಾಗದೆ,” ಎಂದಳು ಹುಡುಗಿ.

ಇಪ್ಪತ್ತೆರಡನೆಯ ದಿನ ಮಾದಯ್ಯ ಗಾಡಿ ತಂದು ಹೆಂಡತಿ ಮಗಳನ್ನು ಕರೆದುಕೊಂಡು ಹೋದ. ಅಂಕಮ್ಮ ಬರುವಾಗ ಮಲಗಿಕೊಂಡು ಬಂದಿದ್ದಳು. ಹೋಗುವಾಗ ಗಾಡಿಯ ಮುಂಭಾಗದಲ್ಲಿ, ಮೂಕಿಯ ಹಿಂದೆ ಕೂತು, ಎತ್ತಿನ ಬಾಲ ತಿರುಚಬೇಡ ಎಂದು ಗಂಡನಿಗೆ ಗದರುತ್ತಾ ಹೋದಳು.

ಮೇಷ್ಟ್ರು ಬೇಸಿಗೆ ರಜದಲ್ಲಿ ಮೂರನೆಯ ಕಾದಂಬರಿಯ ಮೊದಲ ಅಧ್ಯಾಯವನ್ನು ಹರಿದು ಹಾಕಿ ಹೊಸದಾಗಿ ಬರೆದರು. ಅದರಲ್ಲಿ ಆಂಡಾಳ್ ಎಂಬ ತಾಯಿ, ಕಾಡಿಗೆ ಹೊರಟ ಮಗನಿಗೆ ಬುತ್ತಿ ಕಟ್ಟುತ್ತಾ ಬೈಯುತ್ತಾಳೆ. ಬೈಗುಳ ಮುಗಿಯದೆ ಅರ್ಧ ದಾರಿಯವರೆಗೂ ಹಿಂದೆ ಬರುತ್ತಾಳೆ. ಹೊಳೆಯ ದಡದಲ್ಲಿ ಅವನಿಗೆ ಒಂದು ಮಾತು ಹೇಳುವುದು ಮರೆತೆ ಎಂದು ಹೊಳೆ ದಾಟಿ ಅವಳೂ ಹೊರಟುಬಿಡುತ್ತಾಳೆ.

ಬರೆದದ್ದನ್ನು ರಂಗನಾಯಕಿಗೆ ಓದಿ ಹೇಳಿದರು. ಆಕೆ ಹೊಟ್ಟೆ ಹಿಡಿದು ನಕ್ಕು, ಆಮೇಲೆ ಮೆಲ್ಲಗೆ ಕೇಳಿದಳು.

“ಅತ್ತೆಯವರು ಹೀಗೇ ಮಾತಾಡ್ತಿದ್ದರಾ?”

“ನನಗೆ ನೆನಪಿಲ್ಲ ಕಣೇ,” ಎಂದರು ಮೇಷ್ಟ್ರು. “ಮಾತಾಡ್ತಿದ್ದಿರಬಹುದು.”

“ಮುಂದೆ ಓದಿ,” ಎಂದು ರಂಗನಾಯಕಿ ಅವರ ಹತ್ತಿರಕ್ಕೆ ಸರಿದು ಕೂತಳು.