ನಮ್ಮನೆ ಪದ್ಧತಿ

"ಸತ್ತವರನ್ನ ಹಿಂಬಾಗಿಲಿಂದ ಒಯ್ಯಬೇಕು ಅಂತ ಬರೆದಿದಾಳೆ, ನೋಡಿ ಇಲ್ಲಿ!" ಹೆಂಡತಿಯ ಅಕ್ಕ ಪುಸ್ತಕವನ್ನು ದರ್ಜಿಯ ಮೂಗಿಗೆ ಹಿಡಿದಳು.

"ಮುಂದಿನ ಪುಟಾನೂ ಓದಿ. ಮುಂಬಾಗಿಲಿಂದ ಅಂತಾನೂ ಇದೆ," ಎಂದ ದರ್ಜಿಯ ತಮ್ಮ.

ಪುಸ್ತಕ ಬರೆದವಳು, ದರ್ಜಿಯ ಹೆಂಡತಿ, ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ತಣ್ಣಗೆ ಮಲಗಿದ್ದಳು. ಯಾವ ಜನ ಹೇಗೆ ಮದುವೆಯಾಗುತ್ತಾರೆ, ದೇವರನ್ನು ಹೇಗೆ ಕರೆಯುತ್ತಾರೆ, ಸತ್ತವರನ್ನು ಹೇಗೆ ಬೀಳ್ಕೊಡುತ್ತಾರೆ ಎಂದು ಕಪಾಟು ತುಂಬುವಷ್ಟು ಚರಿತ್ರೆ ಬರೆದ ಹೆಂಗಸು, ತನ್ನನ್ನು ಹೇಗೆ ಕಳಿಸಬೇಕೆಂದು ಒಂದು ಮಾತೂ ಹೇಳದೆ ಹೋಗಿದ್ದಳು. ದರ್ಜಿಯದು ಒಂದು ಮತ, ಅವಳದು ಇನ್ನೊಂದು. ಮದುವೆಯಾದಾಗ ಮುಖ ತಿರುಗಿಸಿದ್ದ ಎರಡೂ ಕಡೆಯವರು ಈಗ ಬಂದು, ನಮ್ಮ ಪ್ರಕಾರವೇ ಆಗಲಿ ಎಂದು ಪಟ್ಟು ಹಿಡಿದಿದ್ದರು. ಯಾರ ಮಾತು ಕೇಳಿದರೂ ಇನ್ನೊಬ್ಬರು ಎದ್ದು ಹೋಗುವುದು ಖಂಡಿತ. ತನ್ನವಳು ಯಾವ ಮನೆಗೂ ಸೇರದವಳಂತೆ, ದಿಕ್ಕಿಲ್ಲದವಳಂತೆ ಹೋಗಬಾರದು ಎಂಬುದೊಂದೇ ದರ್ಜಿಯ ಸಂಕಟ.

"ನೀವೇ ಹೇಳಿ ಈಗ," ಎಂದಳು ಅಕ್ಕ.

"ಟೀ ಮಾಡ್ಕೊಂಡು ಬರ್ತೀನಿ," ಎಂದು ದರ್ಜಿ ಅಡುಗೆಮನೆ ಸೇರಿದ. ಜಗಳ ಬಂದಾಗಲೆಲ್ಲ ಆತ ಜೀವನವಿಡೀ ಮಾಡಿದ್ದು ಅದನ್ನೇ.

*

ಬದುಕಿದ್ದಾಗ ಯಾರದಾದರೂ ಸಾವಿನ ಮನೆಗೆ ಹೋದರೆ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ, "ಇದನ್ನ ಯಾಕೆ ಹೀಗೆ ಮಾಡ್ತೀರಿ?" ಎಂದು ಕೇಳುತ್ತಿದ್ದಳು. ದರ್ಜಿ ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದ.

"ಏನಂದ್ರು?" ಎಂದು ಒಮ್ಮೆ ದಾರಿಯಲ್ಲಿ ಕೇಳಿದ.

"ಎಲ್ಲರೂ ಹೇಳೋದೇ. ಹಿಂದಿನಿಂದ ಬಂದದ್ದಂತೆ."

"ಹಂಗಾದ್ರೆ ನಮ್ಮನೇದು ಯಾವ ಪದ್ಧತಿ?"

"ನಮ್ಮನೆಗೆ ಹಿಂದೆ ಅನ್ನೋದೇ ಇಲ್ವಲ್ಲ! ನಾವಿಬ್ಬರೇ ಮೊದಲನೆಯವರು."

ಆ ಮಾತು ದರ್ಜಿಗೆ ಬಹಳ ಹಿಡಿಸಿತ್ತು. ಅಂದೆಲ್ಲ ಮಿಷನ್ ತುಳಿಯುತ್ತಾ ಅದನ್ನೇ ನೆನೆದು ಖುಷಿಪಟ್ಟಿದ್ದ.

*

ಟೀ ಕುದಿಯುವಷ್ಟರಲ್ಲಿ ಹೊರಗಿನಿಂದ ಯಾರೋ, "ಹೊತ್ತಾಯ್ತು, ಹೊರಡೋಣ," ಎಂದರು. ದರ್ಜಿ ಗಾಬರಿಯಲ್ಲಿ ಒಲೆ ಆರಿಸಿ ಬಂದವನು, ಎದುರಿಗೆ ತೆರೆದಿದ್ದ ಮುಂಬಾಗಿಲಿನಿಂದ ಹಾಗೆಯೇ ಬೀದಿಗಿಳಿದ. ಅವಳನ್ನು ಹೊತ್ತವರು ಹಿಂಬಾಲಿಸಿದರು. ಹಿಂದೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಯಾರೋ ಟೀ ಬಗ್ಗಿಸಿಕೊಳ್ಳುತ್ತಿದ್ದಾರೆ, ಕುಡಿಯಲಿ ಪಾಪ, ಎಂದುಕೊಂಡ.

ತಿರುವಿನ ಹತ್ತಿರ ಹಿಂದೆ ಗುಸುಗುಸು ಕೇಳಿತು.

"ಸೌಟು ಯಾಕಮ್ಮ?" ಇದು ಪಕ್ಕದ ಮನೆಯಾಕೆ.

"ಗಂಡನ ಕಡೆಯವರ ಪದ್ಧತಿ," ಎಂದಳು ಅಕ್ಕ, ಎಲ್ಲ ಬಲ್ಲವಳಂತೆ.

ಇನ್ನೊಂದು ಪಕ್ಕದಲ್ಲಿ ತಮ್ಮ ಅಂಚೆಯವನಿಗೆ ಹೇಳುತ್ತಿದ್ದ: "ಅತ್ತಿಗೆ ಮನೆಯವರದು. ತುಂಬ ಹಳೇದು."

ದರ್ಜಿ ತನ್ನ ಕೈ ನೋಡಿಕೊಂಡ. ಟೀ ಕಲಕಿದ ಸೌಟು ಹಾಗೇ ಇತ್ತು. ತಿರುಗಿ ನೋಡಿದ. ಅಕ್ಕನ ಕೈಯಲ್ಲಿ ದೊಡ್ಡ ಚಮಚ, ತಮ್ಮನ ಕೈಯಲ್ಲಿ ಟೀ ಸೋಸುವ ಜರಡಿ. ಪಕ್ಕದ ಮನೆಯಾಕೆ ಓಡಿಹೋಗಿ ತನ್ನ ಮನೆಯ ಸೌಟನ್ನೇ ತಂದಳು. ದರ್ಜಿಗೆ ಅಳುವಿನ ಜೊತೆಗೇ ನಗು ಉಕ್ಕಿತು. ಅವಳಿದ್ದಿದ್ದರೆ ಸಾಲಿನ ಕೊನೆಯವರೆಗೂ ಹೋಗಿ ಒಬ್ಬೊಬ್ಬರನ್ನೇ ಯಾಕೆಂದು ಕೇಳುತ್ತಿದ್ದಳು. ಎಷ್ಟು ಸಂತೋಷಪಡುತ್ತಿದ್ದಳು!

ಆತ ಸೌಟನ್ನು ಕೆಳಗಿಡಲಿಲ್ಲ. ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಡೆದ. ಹಿಂದೆ ಬೀದಿಯುದ್ದಕ್ಕೂ ಚಮಚ, ಜರಡಿ, ಸೌಟುಗಳು ಒಂದೊಂದಾಗಿ ಮೇಲೆದ್ದವು.